ಕಾರ್ಖಾನೆ ನೀರು, ಸೊಪ್ಪಿನ ಮಡಿ

ಹಿರಿಯೂರು ತಾಲ್ಲೂಕಿನ ಧರ್ಮಪುರದಲ್ಲಿ ನೀರಿನ ಮಾತು ತೆಗೆದರೆ ಅದು ಸುತ್ತಿ ಬಳಸಿ ಕೆರೆಯ ಹತ್ತಿರವೇ ಬಂದು ನಿಲ್ಲುತ್ತದೆ. ದೊಡ್ಡ ಕೆರೆ, ಹಳೆಯ ಕೆರೆ. ವೇದಾವತಿಯಿಂದ ಪೂರಕ ನಾಲೆ ತೆಗೆದು ಅದನ್ನು ತುಂಬಿಸಿ ಎನ್ನುವ ಕೂಗು ಅಜ್ಜಂದಿರ ಕಾಲದ್ದು. ಇದೇ ತಾಲ್ಲೂಕಿನ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ಕಾದ ಸೀಮೆ ಇದು. ಇಂಥ ಕಡೆ ‘ನೀರು ಬರುತ್ತದಂತೆ’ ಎಂದರೆ ‘ಎಂಥ ನೀರು?’ ಎಂದು ತಿರುಗಿ ಕೇಳುವವರು ಕಡಿಮೆ. ಬರುವುದೇ ದೊಡ್ಡದು.

ಆದರೂ ಆ ಪ್ರಶ್ನೆ ಕೇಳುವ ಕಾಲ ಬಂದಿದೆ. 2018ರಲ್ಲಿ ಬೆಂಗಳೂರಿನ ಬಳಸಿ ಬಿಟ್ಟ ನೀರು ಎರಡು ಹಂತದ ಶುದ್ಧೀಕರಣ ಮುಗಿಸಿಕೊಂಡು ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಈ ಯೋಜನೆಯನ್ನು ಜನ ಕೆ.ಸಿ. ವ್ಯಾಲಿ ಎಂದೇ ಕರೆಯುತ್ತಾರೆ. ದಿನಕ್ಕೆ 440 ದಶಲಕ್ಷ ಲೀಟರ್ ನೀರು, 126 ಕೆರೆ ಎಂಬುದು ಲೆಕ್ಕ. ಶುರುವಾದ ಕೆಲವೇ ವಾರಗಳಲ್ಲಿ ಲಕ್ಷ್ಮೀಸಾಗರ ಕೆರೆಯ ಕಡೆ ನೊರೆ ಕಾಣಿಸಿ, ವಿಷಯ ಹೈಕೋರ್ಟಿಗೆ ಹೋಗಿ, ಕೆಲಕಾಲ ನೀರು ನಿಂತು, ಮತ್ತೆ ಹರಿಯಿತು. ಅದರ ಹಿಂದೆಯೇ ಚಿಕ್ಕಬಳ್ಳಾಪುರಕ್ಕೆ ಎಚ್.ಎನ್. ವ್ಯಾಲಿ, ನೆಲಮಂಗಲ-ತುಮಕೂರಿನ ಕಡೆಗೆ ವೃಷಭಾವತಿ ವ್ಯಾಲಿ. ಗೆರೆ ಎಳೆದು ನೋಡಿದರೆ ತುಮಕೂರಿನ ನಂತರ ಶಿರಾ, ಶಿರಾ ದಾಟಿದರೆ ಹಿರಿಯೂರು. ಪೈಪು ಅಲ್ಲಿಯವರೆಗೆ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ದಿಕ್ಕು ಮಾತ್ರ ಹಾಗಿದೆ.

ಇಂಥ ನೀರು ಎಲ್ಲಿ ಹರಿದರೂ ಅದನ್ನು ಮೊದಲು ಕುಡಿಯುವ ಬೆಳೆ ಸೊಪ್ಪು. ಕಾರಣ ಸರಳ. ದಂಟು, ಮೆಂತ್ಯ, ಕೊತ್ತಂಬರಿ ಬಿತ್ತಿದ ಇಪ್ಪತ್ತೈದು ಮೂವತ್ತು ದಿನಕ್ಕೆ ಕೈಗೆ ಬರುತ್ತವೆ. ಕಾಲು ಎಕರೆ ಇದ್ದವನೂ ಮಡಿ ಮಾಡಬಹುದು. ದಿನದ ಕಾಸು ದಿನಕ್ಕೆ. ಆದರೆ ಮಡಿ ಒಣಗಬಾರದು, ನೀರು ತಪ್ಪಬಾರದು. ಬೋರ್‌ವೆಲ್ ಕೈಕೊಟ್ಟ ಊರಿನಲ್ಲಿ ವರ್ಷವಿಡೀ ತಪ್ಪದೆ ಹರಿಯುವುದು ಮೋರಿಯೊಂದೇ. ಹಾಗಾಗಿ ನಗರದ ಸುತ್ತಿನ ಕೊಳಚೆ ಹಳ್ಳಗಳ ದಂಡೆಯಲ್ಲೆಲ್ಲ ಸೊಪ್ಪಿನ ಮಡಿಗಳು. ಬೆಳೆಗಾರನ ದುರಾಸೆ ಇದಕ್ಕೆ ಕಾರಣ ಎನ್ನುವವರು ಒಂದು ಬೇಸಿಗೆ ಬಯಲುಸೀಮೆಯಲ್ಲಿ ಇದ್ದು ನೋಡಬೇಕು.

ಕಾರ್ಖಾನೆ ನೀರಿನಿಂದ ಸೊಪ್ಪು ಚೆನ್ನಾಗಿ ಬರುತ್ತದೋ ಇಲ್ಲವೋ? ಈ ವಿಷಯದ ಬರಹಗಳನ್ನು ಓದುತ್ತ ಹೋದರೆ ತಲೆ ಕೆಡುತ್ತದೆ. ಒಂದು ಕಡೆ ಇಳುವರಿ ಏರಿತು ಎನ್ನುತ್ತಾರೆ, ಇನ್ನೊಂದು ಕಡೆ ಬೀಜವೇ ಮೊಳೆಯಲಿಲ್ಲ ಎನ್ನುತ್ತಾರೆ, ಮತ್ತೊಂದು ಕಡೆ ಬೆಳೆ ಸೊಂಪಾಗಿದೆ, ತಿನ್ನಲು ಮಾತ್ರ ಲಾಯಕ್ಕಿಲ್ಲ ಎನ್ನುತ್ತಾರೆ. ಮೂವರೂ ಸುಳ್ಳು ಹೇಳುತ್ತಿಲ್ಲ. ‘ಕಾರ್ಖಾನೆ ನೀರು’ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ನೀರುಗಳಿವೆ, ಅಷ್ಟೇ. ಸಕ್ಕರೆ, ಡಿಸ್ಟಿಲರಿಗಳ ನೀರು ಒಂದು ಥರ, ಬಣ್ಣದ ಗಿರಣಿಯದು ಇನ್ನೊಂದು ಥರ, ಎಲೆಕ್ಟ್ರೋಪ್ಲೇಟಿಂಗ್ ಶೆಡ್ಡಿನದು ಮತ್ತೊಂದೇ ಲೋಕ.

ಮೊದಲನೆಯದರ ಬಗ್ಗೆ ಕರ್ನಾಟಕದಲ್ಲೇ ಒಳ್ಳೆಯ ಕೆಲಸ ಆಗಿದೆ. ಮಂಡ್ಯದ ಹತ್ತಿರ ತೂಬಿನಕೆರೆಯಲ್ಲಿರುವ ಮೈಸೂರು ವಿಶ್ವವಿದ್ಯಾಲಯದ ಸರ್ ಎಂ.ವಿ. ಸ್ನಾತಕೋತ್ತರ ಕೇಂದ್ರದ ಎಸ್. ಚಂದ್ರಾಜು, ಅವರ ಜೊತೆ ಸಿ.ಎಸ್. ಚಿದಂಕುಮಾರ್, ಎಚ್.ಸಿ. ಬಸವರಾಜು ಮುಂತಾದವರು 2007-08ರ ಸುಮಾರಿಗೆ ಡಿಸ್ಟಿಲರಿಯ ಸ್ಪೆಂಟ್‌ವಾಶ್ ಬಿಟ್ಟು ಸೊಪ್ಪು ತರಕಾರಿ ಬೆಳೆದು ನೋಡಿದರು. ಕಾಕಂಬಿಯಿಂದ ಮದ್ಯಸಾರ ಬಟ್ಟಿ ಇಳಿಸಿದ ಮೇಲೆ ಉಳಿಯುವ ಕಡು ಕಂದು ನೀರು ಇದು. ಒಂದು ಲೀಟರ್ ಮದ್ಯಸಾರಕ್ಕೆ ಎಂಟರಿಂದ ಹದಿನೈದು ಲೀಟರ್ ಸ್ಪೆಂಟ್‌ವಾಶ್ ಹೊರಬರುತ್ತದೆ. ಹೊರಬಂದ ಗಳಿಗೆಯಲ್ಲಿ ಹುಳಿ, ಬಿಸಿ, ದುರ್ನಾತ. ಅದರ ಜೈವಿಕ ಆಮ್ಲಜನಕ ಬೇಡಿಕೆ ಲೀಟರಿಗೆ 40,000 ಮಿಲಿಗ್ರಾಂ ದಾಟುವುದು ಸಾಮಾನ್ಯ. ಹೊಳೆಗೆ ಬಿಟ್ಟರೆ ಮೀನು ಉಳಿಯುವುದಿಲ್ಲ. ಆದರೆ ಅದು ಬಂದದ್ದು ಕಬ್ಬಿನಿಂದ. ಕಬ್ಬು ಮಣ್ಣಿನಿಂದ ಹೀರಿಕೊಂಡ ಪೊಟ್ಯಾಷ್, ಸಾರಜನಕ, ಗಂಧಕ, ಸುಣ್ಣದ ಅಂಶ ಎಲ್ಲ ಅದರಲ್ಲಿ ಉಳಿದಿರುತ್ತವೆ. ಅನಿಲ ಸ್ಥಾವರದಲ್ಲಿ ಹಾಯಿಸಿ ಮೀಥೇನ್ ತೆಗೆದ ಮೇಲೆ ಹುಳಿ ಇಳಿದು, ಅದು ಕಡುವಾದ ದ್ರವಗೊಬ್ಬರದಂತೆ ಆಗುತ್ತದೆ.

ಮಂಡ್ಯದ ಈ ಪ್ರಯೋಗಗಳಲ್ಲಿ ಒಂದು ಪಾಲು ಸ್ಪೆಂಟ್‌ವಾಶಿಗೆ ಒಂದು ಪಾಲು, ಎರಡು ಪಾಲು, ಮೂರು ಪಾಲು ಒಳ್ಳೆಯ ನೀರು ಬೆರೆಸಿ ನೋಡಿದರು. ಒಂದಕ್ಕೆ ಮೂರು ಬೆರೆಸಿದ ಮಡಿಯಲ್ಲಿ ಮೊಳಕೆ, ಎಲೆ, ಪೋಷಕಾಂಶ ಎಲ್ಲವೂ ಬರಿ ನೀರಿನ ಮಡಿಗಿಂತ ಮೇಲು. ಕಡುವಾದಷ್ಟೂ ಲಾಭ ಇಳಿಯುತ್ತ ಬರುತ್ತದೆ. ಸಮಸಮ ಬೆರೆಸಿದಾಗ ಬೀಜವೇ ಮೊಳೆಯಲು ಹಿಂದೆಗೆಯುತ್ತದೆ. ರಸಗೊಬ್ಬರದ ಖರ್ಚು ಉಳಿಸಿ ಬೆಳೆಯಬಹುದು ಎಂಬುದು ಅವರ ನಿಲುವು. ದೇಶದ ಬೇರೆ ಕಡೆ ನಡೆದ ಇಂಥ ಪ್ರಯೋಗಗಳೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತವೆ. ಸ್ವಲ್ಪ ಕೊಟ್ಟರೆ ಗೊಬ್ಬರ, ಹೆಚ್ಚು ಕೊಟ್ಟರೆ ಉಪ್ಪು. ಬೀಜದ ಸುತ್ತಲಿನ ನೀರು ಬೀಜದೊಳಗಿನ ರಸಕ್ಕಿಂತ ಕಡುವಾದರೆ ಬೀಜ ನೀರು ಎಳೆದುಕೊಳ್ಳಲಾರದು. ನೆನೆದ ನೆಲದಲ್ಲೇ ಬಾಯಾರಿ ಕೂರುತ್ತದೆ.

ಈ ಫಲಿತಾಂಶವನ್ನು ನಾನು ನಂಬುತ್ತೇನೆ. ಆದರೆ ಅದನ್ನು ಮಂಡ್ಯದಿಂದ ಎತ್ತಿ ಧರ್ಮಪುರದಲ್ಲಿ ಇಡಲು ಬರುವುದಿಲ್ಲ. ಒಂದಕ್ಕೆ ಮೂರು ಪಾಲು ಒಳ್ಳೆಯ ನೀರು ಮಂಡ್ಯದಲ್ಲಿ ಸಿಗುತ್ತದೆ, ಏಕೆಂದರೆ ಅಲ್ಲಿ ಕನ್ನಂಬಾಡಿಯ ನಾಲೆ ಹರಿಯುತ್ತದೆ. ಧರ್ಮಪುರದವರ ಹತ್ತಿರ ಆ ಮೂರು ಪಾಲು ಒಳ್ಳೆಯ ನೀರು ಇದ್ದಿದ್ದರೆ ಉಳಿದ ಒಂದು ಪಾಲನ್ನು ಯಾರು ಕೇಳುತ್ತಿದ್ದರು?

ಮಳೆಯ ಮಾತೂ ಇದೆ. ಸ್ಪೆಂಟ್‌ವಾಶಿನ ಲವಣಾಂಶವನ್ನು ವಿದ್ಯುತ್ ವಾಹಕತೆಯಲ್ಲಿ ಅಳೆದರೆ ಸಾಮಾನ್ಯವಾಗಿ ಮೀಟರಿಗೆ 20ರಿಂದ 40 ಡೆಸಿಸೀಮೆನ್ಸ್. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಮಾರ್ಗಸೂಚಿಯಲ್ಲಿ ನೀರಾವರಿ ನೀರು 0.7ರ ಒಳಗಿದ್ದರೆ ಚಿಂತೆಯಿಲ್ಲ, 3 ದಾಟಿದರೆ ಕಷ್ಟ. ನಾಲ್ಕು ಪಟ್ಟು ತೆಳುಮಾಡಿದರೂ ಸ್ಪೆಂಟ್‌ವಾಶ್ ಆ ಗೆರೆಯ ಮೇಲೆಯೇ ಇರುತ್ತದೆ. ಒಂದೆರಡು ಸಲ ಕೊಟ್ಟು, ಆಮೇಲೆ ಬರಿ ನೀರು ಬಿಟ್ಟು, ಮಳೆಗಾಲದಲ್ಲಿ ಮಣ್ಣು ತೊಳೆದುಹೋದರೆ ಸರಿ. ಹಿರಿಯೂರು ಚಳ್ಳಕೆರೆಗಳಂಥ ಕಡೆ ವರ್ಷಕ್ಕೆ ಐನೂರು ಅರುನೂರು ಮಿಲಿಮೀಟರ್ ಮಳೆ ಬಂದರೆ ಪುಣ್ಯ. ಅದೂ ತುಣುಕು ತುಣುಕಾಗಿ. ಉಪ್ಪು ಕೆಳಗೆ ಇಳಿಯುವುದಿಲ್ಲ, ಬಿಸಿಲಿಗೆ ಮೇಲೆ ಏರುತ್ತದೆ. ಮಸಾರಿ ಕೆಂಪು ನೆಲದಲ್ಲಿ ಸ್ವಲ್ಪವಾದರೂ ಬಸಿಯುತ್ತದೆ, ಎರೆ ನೆಲದಲ್ಲಿ ಅದೂ ಇಲ್ಲ. ಬಿಳಿ ಪುಡಿ ಕಟ್ಟಿದ ಚೌಳು ನೆಲ ಹೇಗಿರುತ್ತದೆ ಎಂಬುದನ್ನು ಈ ಭಾಗದ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಉಪ್ಪಿನ ವಿಷಯದಲ್ಲಿ ಸೊಪ್ಪುಗಳು ಒಂದೊಂದು ಒಂದೊಂದು ಥರ. ಮಣ್ಣಿನ ಲವಣಾಂಶ 1.3 ದಾಟಿದರೆ ಲೆಟ್ಯೂಸ್ ಕುಗ್ಗತೊಡಗುತ್ತದೆ, ಎಲೆಕೋಸಿಗೆ ಆ ಗೆರೆ 1.8, ಸ್ಪಿನಾಚಿಗೆ 2. ಆ ಗೆರೆಯಿಂದಾಚೆ ಪ್ರತಿ ಒಂದು ಡೆಸಿಸೀಮೆನ್ಸಿಗೆ ಲೆಟ್ಯೂಸಿನ ಇಳುವರಿ ಸುಮಾರು ಶೇ 13, ಸ್ಪಿನಾಚಿನದು ಶೇ 7-8 ಇಳಿಯುತ್ತದೆ. ನಮ್ಮ ದಂಟು, ಕೀರೆಗಳು ಇವಕ್ಕಿಂತ ಗಟ್ಟಿ ಜೀವ. ಬಣ್ಣದ ಗಿರಣಿಗಳ ನೀರಿನಲ್ಲಿ ತೊಂದರೆ ಕೊಡುವುದು ಬಣ್ಣಕ್ಕಿಂತ ಹೆಚ್ಚಾಗಿ ಈ ಉಪ್ಪು, ಅದರೊಳಗಿನ ಸೋಡಿಯಂ. ಸೋಡಿಯಂ ಹೆಚ್ಚಾದ ಮಣ್ಣು ಒದ್ದೆಯಾದಾಗ ಅಂಟು ಕೆಸರು, ಒಣಗಿದಾಗ ಹೆಂಟೆ. ಬೇರಿಗೆ ಉಸಿರಾಡಲು ಜಾಗವಿಲ್ಲ. ಇಷ್ಟರಲ್ಲಿ ಒಂದು ಸಮಾಧಾನವಿದೆ. ಉಪ್ಪಿನ ಅಪಾಯ ಕಣ್ಣಿಗೆ ಕಾಣುತ್ತದೆ. ಎಲೆಯ ಅಂಚು ಸುಡುತ್ತದೆ, ಗಿಡ ಕುಳ್ಳಾಗುತ್ತದೆ, ರೈತ ನೀರು ನಿಲ್ಲಿಸುತ್ತಾನೆ. ಬೆಳೆ ತಾನೇ ದೂರು ಕೊಡುತ್ತದೆ.

ಬೆಳೆ ದೂರು ಕೊಡದ ನೀರು ಇನ್ನೊಂದಿದೆ. ಅದರ ಕಥೆಗೆ ಬೆಂಗಳೂರಿಗೆ ಹೋಗಬೇಕು.

ವೃಷಭಾವತಿ ಹುಟ್ಟುವುದು ಬಸವನಗುಡಿಯ ಸೀಮೆಯಲ್ಲಿ. ಹೆಸರೂ ಅಲ್ಲಿಯದೇ. ಮೈಸೂರು ರಸ್ತೆಯ ಪಕ್ಕದಲ್ಲಿ, ಕೆಂಗೇರಿ ದಾಟಿ, ಬಿಡದಿಯ ಹತ್ತಿರ ಬೈರಮಂಗಲ ಕೆರೆ ಸೇರಿ, ಮುಂದೆ ಕನಕಪುರದ ಕಡೆ ಅರ್ಕಾವತಿಗೆ ಕೂಡುತ್ತದೆ. ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆದ ಮೇಲೆ, ನಗರದ ಪಶ್ಚಿಮದ ಅರ್ಧ ಭಾಗ ಚರಂಡಿಯನ್ನು ಅದಕ್ಕೇ ತಿರುಗಿಸಿದ ಮೇಲೆ, ನದಿಯಲ್ಲಿ ಮಳೆಯಿಲ್ಲದ ದಿನವೂ ನೀರು. ಬೈರಮಂಗಲ ಕೆರೆಯನ್ನು 1940ರ ದಶಕದಲ್ಲಿ ಕಟ್ಟಿದ್ದು ಸುಮಾರು ನಾಲ್ಕು ಸಾವಿರ ಎಕರೆ ಅಚ್ಚುಕಟ್ಟಿಗೆ ನೀರುಣಿಸಲು. ಭತ್ತ ಬೆಳೆಯುತ್ತಿದ್ದ ಆ ಅಚ್ಚುಕಟ್ಟಿನಲ್ಲಿ ಈಗ ಹೆಚ್ಚು ಕಾಣುವುದು ಮೇವಿನ ಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆ, ತೆಂಗು. ನೀರಿಗಿಳಿದ ಕಾಲಿಗೆ ತುರಿಕೆ, ಊರಿಗೆಲ್ಲ ವಾಸನೆ. ಬೆಳೆಗಾರರು ಪುಸ್ತಕ ಓದಿ ಬೆಳೆ ಬದಲಿಸಿದವರಲ್ಲ. ಯಾವುದು ತಡೆದುಕೊಳ್ಳುತ್ತದೆ, ಯಾವುದಕ್ಕೆ ಕೊಳ್ಳುವವರಿದ್ದಾರೆ ಎಂದು ನೋಡಿ ನೋಡಿ ಬದಲಿಸಿದರು. ನಗರದ ಇನ್ನೊಂದು ಮಗ್ಗುಲಲ್ಲಿ ಬೆಳ್ಳಂದೂರು, ವರ್ತೂರು ಕೆರೆಗಳ ಕೆಳಗೂ ಇದೇ ಕಥೆ. ನೊರೆ ಕಾರುವ, 2015ರಲ್ಲೂ 2017ರಲ್ಲೂ 2018ರಲ್ಲೂ ಬೆಂಕಿ ಹತ್ತಿಕೊಂಡ ಕೆರೆ ಎಂದು ದೇಶಕ್ಕೆಲ್ಲ ಗೊತ್ತಾದ ಬೆಳ್ಳಂದೂರಿನ ಕೆಳಗೆ ಸೊಪ್ಪು, ತರಕಾರಿ, ಭತ್ತ ಬೆಳೆಯುತ್ತಿದ್ದರು ಎಂಬುದು ಅಷ್ಟು ಸುದ್ದಿಯಾಗಲಿಲ್ಲ.

ಬೆಂಗಳೂರು ವಿಶ್ವವಿದ್ಯಾಲಯದ ಎಚ್. ಲೋಕೇಶ್ವರಿ ಮತ್ತು ಜಿ.ಟಿ. ಚಂದ್ರಪ್ಪ ಅಲ್ಲಿಯ ನೀರು, ಮಣ್ಣು, ಬೆಳೆ ಮೂರನ್ನೂ ಪರೀಕ್ಷಿಸಿ 2006ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಅಕ್ಕಿಯಲ್ಲೂ ತರಕಾರಿಯಲ್ಲೂ ಕೆಲವು ಭಾರಲೋಹಗಳು ಭಾರತೀಯ ಮಿತಿಯನ್ನು ಮೀರಿದ್ದವು. ಸತು, ತಾಮ್ರ, ಸೀಸ, ಕ್ಯಾಡ್ಮಿಯಂ ಮಣ್ಣಿನಿಂದ ಗಿಡಕ್ಕೆ ಗಣನೀಯವಾಗಿ ದಾಟುತ್ತಿದ್ದವು. ಆ ಲೇಖನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಮಾತು: ಸಹಜ ಮಟ್ಟಕ್ಕೆ ಹೋಲಿಸಿದರೆ ಕೆರೆ ನೀರಿನ ಪರಿಣಾಮ ಮಣ್ಣಿನ ಮೇಲಾದದ್ದಕ್ಕಿಂತ ಬೆಳೆಯ ಮೇಲೆ ಹೆಚ್ಚು. ಮಣ್ಣು ಪರೀಕ್ಷೆ ಮಾಡಿಸಿ ‘ಪರವಾಗಿಲ್ಲ’ ಎಂಬ ಚೀಟಿ ತಂದವನ ಹೊಲದ ಸೊಪ್ಪು ಸರಿಯಾಗಿರಬಹುದು, ಇಲ್ಲದೆಯೂ ಇರಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಎ.ಎನ್. ಗಣೇಶಮೂರ್ತಿ, ಎಲ್.ಆರ್. ವರಲಕ್ಷ್ಮಿ ಮತ್ತು ಸಂಗಡಿಗರು ನಗರದ ಸುತ್ತಿನ ಕೆರೆಗಳ ಕೆಳಗೆ ವರ್ಷಗಳ ಕಾಲ ಕೆಲಸ ಮಾಡಿದ್ದಾರೆ. ಅವರ ಬರಹಗಳ ಸಾರವೂ ಇದೇ ದಿಕ್ಕಿನದು. ಕಾಯಿ ಕೊಡುವ ತರಕಾರಿಗಿಂತ ಎಲೆ ಮತ್ತು ಗೆಡ್ಡೆ ಕೊಡುವ ತರಕಾರಿಯಲ್ಲಿ ಲೋಹ ಹೆಚ್ಚು.

ಅದೇಕೆ ಹಾಗೆ? ಬೇರು ನೀರು ಎಳೆಯುತ್ತದೆ, ಎಲೆ ಆ ನೀರನ್ನು ಆವಿ ಮಾಡುತ್ತದೆ. ನೀರಿನಲ್ಲಿ ಕರಗಿ ಬಂದದ್ದು ಎಲೆಯಲ್ಲಿ ಉಳಿಯುತ್ತದೆ. ಹುರುಳಿಕಾಯಿಗೋ ಬದನೆಗೋ ಹೋಗಬೇಕಾದರೆ ಲೋಹ ಇನ್ನೂ ಒಂದೆರಡು ಬಾಗಿಲು ದಾಟಬೇಕು. ಎಲ್ಲ ಲೋಹಗಳೂ ಒಂದೇ ಥರ ನಡೆಯುವುದಿಲ್ಲ. ಕ್ರೋಮಿಯಂ ಬಹುಪಾಲು ಬೇರಿನಲ್ಲೇ ಸಿಕ್ಕಿಕೊಳ್ಳುತ್ತದೆ. ಸೀಸವೂ ಹಾಗೆಯೇ. ಎಲೆಯ ಮೇಲೆ ಸಿಗುವ ಸೀಸದಲ್ಲಿ ದೊಡ್ಡ ಪಾಲು ಧೂಳಿನದು, ನೀರು ಚಿಮ್ಮಿ ಅಂಟಿದ ಮಣ್ಣಿನದು. ಅಷ್ಟನ್ನು ತೊಳೆದು ಕಳೆಯಬಹುದು. ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯಬೇಕು ಎಂಬ ನಮ್ಮ ಮನೆಯ ಹಳೆಯ ಕಟ್ಟಳೆಗೆ ಇಲ್ಲಿ ಅರ್ಥವಿದೆ. ಕ್ಯಾಡ್ಮಿಯಂ ಮಾತ್ರ ತೊಳೆದರೆ ಹೋಗುವುದಿಲ್ಲ, ಬೇಯಿಸಿದರೆ ಸಾಯುವುದಿಲ್ಲ. ಅದು ಸತುವಿನ ದಾಯಾದಿ. ಗಿಡದ ಬೇರಿನಲ್ಲಿ ಸತು, ಕಬ್ಬಿಣಗಳಿಗೆ ಇಟ್ಟ ಬಾಗಿಲಿನಿಂದಲೇ ಒಳಗೆ ಬಂದು ಎಲೆಗೆ ಏರುತ್ತದೆ. ಮಣ್ಣು ಹುಳಿಯಾದಷ್ಟೂ ಸಲೀಸು. ನೀರಿನಲ್ಲಿ ಕ್ಲೋರೈಡ್ ಉಪ್ಪು ಹೆಚ್ಚಿದ್ದರೆ ಅದರ ಜೊತೆಗೂಡಿ ಇನ್ನೂ ಸಲೀಸು.

ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿ ರುಫಸ್ ಚೇನಿ 1980ರ ಸುಮಾರಿಗೆ ಮುಂದಿಟ್ಟ ಒಂದು ವಿಚಾರ ಈ ಇಡೀ ಚರ್ಚೆಯ ಬೀಗದ ಕೈ. ಬಹುಪಾಲು ಲೋಹಗಳ ವಿಷಯದಲ್ಲಿ ಮಣ್ಣು ಮತ್ತು ಗಿಡ ಸೇರಿ ಒಂದು ತಡೆಗೋಡೆ ಕಟ್ಟುತ್ತವೆ. ಸೀಸ, ಕ್ರೋಮಿಯಂಗಳನ್ನು ಮಣ್ಣು ಮತ್ತು ಬೇರು ಹಿಡಿದಿಡುತ್ತವೆ. ಸತು, ತಾಮ್ರ, ನಿಕಲ್‌ ಹೆಚ್ಚಾದರೆ ತಿನ್ನುವವನಿಗೆ ಅಪಾಯವಾಗುವ ಮೊದಲೇ ಗಿಡಕ್ಕೆ ಕಾಯಿಲೆ ಬೀಳುತ್ತದೆ. ಎಲೆ ಹಳದಿಯಾಗಿ, ಗಿಡ ಸೊರಗಿ, ಬೆಳೆಯೇ ಬರುವುದಿಲ್ಲ. ಕ್ಯಾಡ್ಮಿಯಂ ಈ ಗೋಡೆ ಹಾರುತ್ತದೆ. ಮನುಷ್ಯನಿಗೆ ಅಪಾಯವಾಗುವಷ್ಟು ಕ್ಯಾಡ್ಮಿಯಂ ಹೊತ್ತ ಪಾಲಕ್ ಗಿಡ ನೋಡಲು ಆರೋಗ್ಯವಾಗಿಯೇ ಇರುತ್ತದೆ. ಜೊತೆಗೆ ಕೊಳಚೆಯಲ್ಲಿ ಸಾರಜನಕ ಧಾರಾಳ. ಎಲೆ ಅಗಲ, ಬಣ್ಣ ಕಡು ಹಸಿರು, ಕಟ್ಟು ದಪ್ಪ. ಬೇಗ ಬಾಡುತ್ತದೆ, ಹೇನು ಹತ್ತುತ್ತದೆ ಎಂಬುದು ಬಿಟ್ಟರೆ ಸಂತೆಯಲ್ಲಿ ಮೊದಲು ಖಾಲಿಯಾಗುವ ಸೊಪ್ಪು ಅದೇ.

ಹಾಗಾಗಿ ‘ಕಾರ್ಖಾನೆ ನೀರಿನಲ್ಲಿ ಸೊಪ್ಪು ಹೇಗೆ ಬೆಳೆಯುತ್ತದೆ’ ಎಂಬ ಪ್ರಶ್ನೆಯೇ ಅರ್ಧ ಪ್ರಶ್ನೆ. ನಮ್ಮ ಎಷ್ಟೋ ಕಾಲೇಜು ಪ್ರಬಂಧಗಳು ಅಲ್ಲಿಗೇ ನಿಲ್ಲುತ್ತವೆ. ಕುಂಡದಲ್ಲಿ ಮೆಂತ್ಯ ಬಿತ್ತಿ, ಮೊಳಕೆ ಎಣಿಸಿ, ಕಾಂಡದ ಉದ್ದ ಅಳೆದು, ಇಪ್ಪತ್ತೊಂದು ದಿನಕ್ಕೆ ಮುಗಿಸಿ, ‘ನೀರಾವರಿಗೆ ಬಳಸಬಹುದು’ ಎಂದು ಷರಾ ಬರೆದುಬಿಡುತ್ತವೆ. ಅಳತೆಯಲ್ಲಿ ತಪ್ಪಿಲ್ಲ. ಷರಾ ಮಾತ್ರ ಅಳತೆ ಮೀರಿದ್ದು. ಮೂರು ವಾರದ ಕುಂಡ ಇಪ್ಪತ್ತು ವರ್ಷದ ಹೊಲದ ಬಗ್ಗೆ ಏನು ಹೇಳೀತು?

ಇಪ್ಪತ್ತು ವರ್ಷದ ಲೆಕ್ಕವನ್ನು ನಾವೇ ಹಾಕಬಹುದು. ಆಹಾರ ಮತ್ತು ಕೃಷಿ ಸಂಘಟನೆ ನೀರಾವರಿ ನೀರಿನಲ್ಲಿ ಒಪ್ಪುವ ಕ್ಯಾಡ್ಮಿಯಂ ಲೀಟರಿಗೆ 0.01 ಮಿಲಿಗ್ರಾಂ. ವರ್ಷಕ್ಕೆ ಹೆಕ್ಟೇರಿಗೆ 10,000 ಘನ ಮೀಟರ್ ನೀರು ಎಂಬುದು ಆ ಮಿತಿಯ ಹಿಂದಿನ ಊಹೆ. ಅಂದರೆ ಮಿತಿಯೊಳಗಿನ ನೀರೇ ವರ್ಷಕ್ಕೆ ಹೆಕ್ಟೇರಿಗೆ 100 ಗ್ರಾಂ ಕ್ಯಾಡ್ಮಿಯಂ ತಂದು ಹಾಕುತ್ತದೆ. ಉಳುವ ಮೇಲ್ಪದರದ ಮಣ್ಣು ಹೆಕ್ಟೇರಿಗೆ ಸುಮಾರು ಇಪ್ಪತ್ತು ಲಕ್ಷ ಕಿಲೋ. ಭಾಗಿಸಿದರೆ ವರ್ಷಕ್ಕೆ ಕಿಲೋಗೆ 0.05 ಮಿಲಿಗ್ರಾಂ, ಇಪ್ಪತ್ತು ವರ್ಷಕ್ಕೆ 1 ಮಿಲಿಗ್ರಾಂ. ಕೊಳಚೆ ಗಸಿ ಹಾಕುವ ಹೊಲಗಳಿಗೆ ಯುರೋಪ್ 1986ರಲ್ಲಿ ಇಟ್ಟ ಗೆರೆ 1ರಿಂದ 3 ಮಿಲಿಗ್ರಾಂ. ಒಂದು ತಲೆಮಾರಿನೊಳಗೆ ಗೆರೆಯ ಹೊಸ್ತಿಲಿಗೆ ಬಂದು ನಿಲ್ಲುತ್ತೇವೆ. ಸೊಪ್ಪಿನ ಮಡಿಗೆ ವರ್ಷದಲ್ಲಿ ಆರೇಳು ಬೆಳೆ, ನೀರು ಇನ್ನೂ ಹೆಚ್ಚು. ನೀರೇ ಮಿತಿ ಮೀರಿದ್ದರೆ ಲೆಕ್ಕ ಇನ್ನೂ ಬೇಗ ಮುಗಿಯುತ್ತದೆ.

ತಟ್ಟೆಯ ಲೆಕ್ಕವನ್ನೂ ಹಾಕೋಣ. ಸೊಪ್ಪಿನಲ್ಲಿ ಕ್ಯಾಡ್ಮಿಯಂಗೆ ಅಂತಾರಾಷ್ಟ್ರೀಯ ಕೋಡೆಕ್ಸ್ ಮಿತಿ ಕಿಲೋಗೆ 0.2 ಮಿಲಿಗ್ರಾಂ, ಸೀಸಕ್ಕೆ 0.3. ಮನುಷ್ಯ ತಾಳಿಕೊಳ್ಳಬಲ್ಲ ಕ್ಯಾಡ್ಮಿಯಂ ತಿಂಗಳಿಗೆ ದೇಹದ ಒಂದು ಕಿಲೋ ತೂಕಕ್ಕೆ 25 ಮೈಕ್ರೋಗ್ರಾಂ ಎಂದು 2010ರಲ್ಲಿ ಆಹಾರ ಮತ್ತು ಕೃಷಿ ಸಂಘಟನೆ, ವಿಶ್ವ ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞ ಸಮಿತಿ ನಿಗದಿ ಮಾಡಿತು. ಅರವತ್ತು ಕಿಲೋ ತೂಕದವರಿಗೆ ದಿನಕ್ಕೆ 50 ಮೈಕ್ರೋಗ್ರಾಂ. ದಿನಕ್ಕೆ 100 ಗ್ರಾಂ ಸೊಪ್ಪು ತಿನ್ನಿ ಎಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಸಲಹೆ. ಮಿತಿಯ ಅಂಚಿನಲ್ಲಿರುವ 100 ಗ್ರಾಂ ಸೊಪ್ಪು 20 ಮೈಕ್ರೋಗ್ರಾಂ ಕೊಡುತ್ತದೆ, ದಿನದ ಪಾಲಿನಲ್ಲಿ ಶೇ 40. ಬಸ್ಸಾರು, ಮಸೊಪ್ಪು, ಸೊಪ್ಪಿನ ಪಲ್ಯ ಎಂದು ವಾರವಿಡೀ ಉಣ್ಣುವ ಮನೆಗಳಲ್ಲಿ ಕೆಲವು ದಿನ ಕಾಲು ಕಿಲೋ ಸೊಪ್ಪು ಹೊಟ್ಟೆಗೆ ಹೋಗುವುದುಂಟು. ಆಗ ಪಾಲೆಲ್ಲ ಮುಗಿಯಿತು, ಅನ್ನ ಮುದ್ದೆಯ ಲೆಕ್ಕ ಇನ್ನೂ ಬಾಕಿ. ಮೂತ್ರಪಿಂಡದಲ್ಲಿ ಕೂತ ಕ್ಯಾಡ್ಮಿಯಂ ಅರ್ಧಕ್ಕೆ ಇಳಿಯಲು ಹತ್ತರಿಂದ ಮೂವತ್ತು ವರ್ಷ ಬೇಕು. ಜಪಾನಿನ ಕಾಮಿಯೋಕಾ ಗಣಿಯ ನೀರು ಜಿಂಜು ನದಿಗೆ ಸೇರಿ, ನದಿ ನೀರು ತೊಯಾಮಾ ಪ್ರಾಂತ್ಯದ ಭತ್ತದ ಗದ್ದೆಗೆ ಹರಿದು, ಆ ಅಕ್ಕಿ ಉಂಡವರ, ಅದರಲ್ಲೂ ಹೆಂಗಸರ, ಮೂಳೆಗಳು ಮುರಿದುಬಿದ್ದವು. ನೋವಿನ ಕೂಗೇ ಕಾಯಿಲೆಗೆ ಹೆಸರಾಯಿತು: ಇತಾಯಿ-ಇತಾಯಿ. 1912ರ ಸುಮಾರಿಗೇ ಕಾಣಿಸಿಕೊಂಡ ಕಾಯಿಲೆಗೆ ಕಾರಣ ಇದೇ ಎಂದು ಸರ್ಕಾರ ಒಪ್ಪಿಕೊಂಡದ್ದು 1968ರಲ್ಲಿ. ನಮ್ಮ ಬೆಂಗಳೂರಿನ ಮಡಿಗಳನ್ನು ಅದಕ್ಕೆ ಹೋಲಿಸುವುದು ಅತಿಯಾದೀತು. ಗಿಡ ದೂರು ಕೊಡದಿದ್ದರೆ ಎಷ್ಟು ತಡವಾಗಿ ಗೊತ್ತಾಗುತ್ತದೆ ಎಂಬುದಕ್ಕೆ ಮಾತ್ರ ಆ ಕಥೆ ತಂದೆ.

ಹೆದರಿಸುವ ಅಂಕಿಗಳ ಬಗ್ಗೆಯೂ ಒಂದು ಎಚ್ಚರ ಬೇಕು. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಎಂಪ್ರಿ ನಗರದ 20 ಅಂಗಡಿಗಳಿಂದ ಹತ್ತು ಬಗೆ ತರಕಾರಿಯ 400 ಮಾದರಿ ತಂದು ಪರೀಕ್ಷಿಸಿದ ಫಲಿತಾಂಶ ಕೆಲವು ವರ್ಷಗಳ ಹಿಂದೆ ಪತ್ರಿಕೆಗಳಲ್ಲಿ ಬಂದಿತ್ತು. ಪಾಲಕ್, ಕೊತ್ತಂಬರಿಗಳಲ್ಲಿ ಕ್ಯಾಡ್ಮಿಯಂ ಕಿಲೋಗೆ 50 ಮಿಲಿಗ್ರಾಂ ದಾಟಿದೆ ಎಂಬ ವರದಿ. ಮಿತಿಯ ಇನ್ನೂರೈವತ್ತು ಪಟ್ಟು! ಅತ್ಯಂತ ಕೆಟ್ಟ ಹೊಲಗಳ ಬಗ್ಗೆ ಪ್ರಪಂಚದ ಬೇರೆ ಕಡೆ ಬರೆದ ಅಂಕಿಗಳೂ ಇದರ ಹತ್ತಿರ ಬರುವುದು ಅಪರೂಪ. ಇಂಥ ಸಂಖ್ಯೆ ಬಂದಾಗ ಮಾಡಬೇಕಾದ ಮೊದಲ ಕೆಲಸ ಬೇರೆ ಪ್ರಯೋಗಾಲಯದಲ್ಲಿ ಮತ್ತೆ ಪರೀಕ್ಷಿಸುವುದು. ಓದುಗರು ಗಮನಿಸಬೇಕಾದ ಇನ್ನೊಂದು ಸೂಕ್ಷ್ಮವಿದೆ. ಮಿತಿಗಳನ್ನು ಬರೆದಿರುವುದು ಹಸಿ ಸೊಪ್ಪಿನ ತೂಕಕ್ಕೆ, ಪ್ರಬಂಧಗಳಲ್ಲಿ ಅಂಕಿ ಕೊಡುವುದು ಬಹುತೇಕ ಒಣಗಿಸಿದ ಸೊಪ್ಪಿನ ತೂಕಕ್ಕೆ. ಸೊಪ್ಪಿನಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರು. ಒಣ ಲೆಕ್ಕವನ್ನು ಹಸಿ ಮಿತಿಗೆ ಹೋಲಿಸಿದರೆ ಅಪಾಯ ಹತ್ತು ಪಟ್ಟು ಹಿಗ್ಗುತ್ತದೆ. ಅದಕ್ಕಿಂತ ದೊಡ್ಡ ಕೊರತೆ ಎಂದರೆ ಅಂಗಡಿಯ ಸೊಪ್ಪು ಯಾವ ಹೊಲದ್ದು, ಯಾವ ನೀರಿನದ್ದು ಎಂದು ಯಾರಿಗೂ ಗೊತ್ತಾಗದಿರುವುದು. ಬೋರ್‌ವೆಲ್ ನೀರಿನಲ್ಲಿ ನಿಯತ್ತಿನಿಂದ ಬೆಳೆದವನ ಕಟ್ಟಿಗೂ ಅದೇ ಕಳಂಕ ಹತ್ತುತ್ತದೆ.

ಇಷ್ಟೆಲ್ಲ ಇರುವಾಗ ಕಾನೂನು ಏನು ಹೇಳುತ್ತದೆ? ಜಲ ಮಾಲಿನ್ಯ ತಡೆ ಕಾಯ್ದೆ 1974ರದ್ದು, ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯೂ ಆ ವರ್ಷದ್ದೇ. 1993ರಲ್ಲಿ ಕೇಂದ್ರ ಸರ್ಕಾರ ಕಾರ್ಖಾನೆಗಳು ಬಿಡುವ ನೀರಿಗೆ ಸಾಮಾನ್ಯ ಮಾನದಂಡಗಳ ಪಟ್ಟಿ ಹೊರಡಿಸಿತು. ಹೊಳೆ ಕೆರೆಗೆ ಬಿಡುವ ನೀರಿಗೆ ಒಂದು ಕಲಂ, ಚರಂಡಿಗೆ ಒಂದು, ನೀರಾವರಿಗಾಗಿ ನೆಲಕ್ಕೆ ಬಿಡುವುದಕ್ಕೆ ಒಂದು. ನೀರಾವರಿಯ ಕಲಂನಲ್ಲಿ ಆಮ್ಲಜನಕ ಬೇಡಿಕೆ 100 ಮಿಲಿಗ್ರಾಂವರೆಗೆ ಇರಬಹುದು, ಹೊಳೆಗಾದರೆ 30. ತೇಲುವ ಕಣ 200 ಇರಬಹುದು, ಹೊಳೆಗಾದರೆ 100. ಆರ್ಸೆನಿಕ್ ಮತ್ತು ಸೈನೈಡಿಗೆ 0.2 ಎಂದಿದೆ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕಲ್, ಪಾದರಸ? ಹೊಳೆಯ ಕಲಂನಲ್ಲಿ ಇವೆಲ್ಲಕ್ಕೂ ಅಂಕಿಯಿದೆ. ನೀರಾವರಿಯ ಕಲಂನಲ್ಲಿ ಒಂದು ಅಡ್ಡಗೆರೆ ಎಳೆದು ಮುಂದೆ ಹೋಗಿದ್ದಾರೆ. ಮಣ್ಣು ಎಲ್ಲವನ್ನೂ ನುಂಗಿಕೊಳ್ಳುತ್ತದೆ ಎಂಬ ಹಳೆಯ ನಂಬಿಕೆ ಆ ಗೆರೆಯಲ್ಲಿದೆ. ಮಣ್ಣು ನುಂಗುತ್ತದೆ ನಿಜ, ಹತ್ತು ವರ್ಷ, ಇಪ್ಪತ್ತು ವರ್ಷ. ಆಮೇಲೆ ಸೊಪ್ಪಿನ ಮೂಲಕ ವಾಪಸು ಕೊಡುತ್ತದೆ.

ಚಿತ್ರದುರ್ಗ ಜಿಲ್ಲೆಯಲ್ಲಿ ಇಂದು ಪೀಣ್ಯದಂಥ ಕೈಗಾರಿಕಾ ಪ್ರದೇಶವಿಲ್ಲ. ಹಿರಿಯೂರಿನ ಸಕ್ಕರೆ ಕಾರ್ಖಾನೆ ಮುಚ್ಚಿ ದಶಕಗಳಾದವು. ಇಂಗಳದಾಳಿನ ತಾಮ್ರದ ಗಣಿಯೂ ನಿಂತಿದೆ, ಅದರ ಗುಡ್ಡೆಮಣ್ಣು ಉಳಿದಿದೆ. ಚಳ್ಳಕೆರೆಯ ಎಣ್ಣೆ ಗಿರಣಿಗಳದು ಬೇರೆ ಜಾತಿಯ ತೊಂದರೆ. ಕಾರ್ಖಾನೆ ನೀರಿನ ದೊಡ್ಡ ಜಗಳ ಹತ್ತಿರದಲ್ಲಿ ನಡೆದದ್ದು ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ. 1980ರ ದಶಕದಲ್ಲಿ ತುಂಗಭದ್ರೆಯ ಮೀನು ಸತ್ತಾಗ ಎಸ್.ಆರ್. ಹಿರೇಮಠ ಮತ್ತು ಸಮಾಜ ಪರಿವರ್ತನ ಸಮುದಾಯದವರು ಹೊಳೆ ಕೆಳಗಿನ ಹಳ್ಳಿಗಳ ಜೊತೆ ನಿಂತದ್ದನ್ನು ಹಿರಿಯರು ಮರೆತಿರಲಾರರು. ಅಂದರೆ ಧರ್ಮಪುರದ ಸೊಪ್ಪು ಸದ್ಯಕ್ಕೆ ಈ ಪಟ್ಟಿಯಲ್ಲಿಲ್ಲ. ಇಲ್ಲಿಯ ಬೋರ್‌ವೆಲ್ ನೀರಿಗೆ ಫ್ಲೋರೈಡಿನ ಕಾಟವಿದೆ, ಲೋಹದ ಕಾಟದ ಹೆಸರು ಕೇಳಿಬಂದಿಲ್ಲ. ಈ ಅನುಕೂಲವನ್ನು ಬಯಲುಸೀಮೆ ತಿಳಿದು ಬಳಸಿಕೊಳ್ಳಬೇಕು.

ಬಳಸಿದ ನೀರು ಬೇಡವೇ ಬೇಡ ಎಂಬ ವಾದ ನನ್ನದಲ್ಲ. ಮೆಕ್ಸಿಕೋದ ಮೆಸ್ಕಿತಾಲ್ ಕಣಿವೆ ರಾಜಧಾನಿಯ ಕೊಳಚೆಯಿಂದಲೇ ನೂರು ವರ್ಷಕ್ಕೂ ಮೇಲ್ಪಟ್ಟು ಬೆಳೆ ಬೆಳೆದಿದೆ. ಇಸ್ರೇಲ್ ತನ್ನ ಕೊಳಚೆ ನೀರಿನ ಬಹುಪಾಲನ್ನು ಶುದ್ಧ ಮಾಡಿ ಹೊಲಕ್ಕೇ ಕೊಡುತ್ತದೆ. ಮನೆಗಳ ನೀರನ್ನೂ ಕಾರ್ಖಾನೆಗಳ ನೀರನ್ನೂ ಬೇರೆ ಬೇರೆ ಕೊಳವೆಯಲ್ಲಿ ಒಯ್ದರೆ ಅರ್ಧ ಸಮಸ್ಯೆ ಅಲ್ಲಿಯೇ ಪರಿಹಾರ. ಪ್ಲೇಟಿಂಗ್ ಶೆಡ್ಡಿನ ಒಂದು ಟ್ಯಾಂಕರ್ ನೀರು ಸಾವಿರ ಮನೆಗಳ ನಿರುಪದ್ರವಿ ನೀರನ್ನು ಕೆಡಿಸುತ್ತದೆ. ಎರಡು ಹಂತದ ಶುದ್ಧೀಕರಣವನ್ನು ಕಟ್ಟಿರುವುದು ಮುಖ್ಯವಾಗಿ ಕೊಳೆ ತಿನ್ನುವ ಸೂಕ್ಷ್ಮಜೀವಿಗಳ ಮೇಲೆ. ಲೋಹವನ್ನು ಅವು ತಿನ್ನುವುದಿಲ್ಲ, ಒಂದಿಷ್ಟನ್ನು ಗಸಿಯಲ್ಲಿ ಹಿಡಿದಿಡುತ್ತವೆ, ಉಳಿದದ್ದು ನೀರಿನೊಡನೆ ಮುಂದಕ್ಕೆ. ಕೋಲಾರದಲ್ಲಿ ಸರ್ಕಾರ ಹೇಳುವುದು ಈ ನೀರು ಅಂತರ್ಜಲ ಹೆಚ್ಚಿಸಲು ಮಾತ್ರ, ನೇರ ನೀರಾವರಿಗಲ್ಲ ಎಂದು. ತುಂಬಿದ ಕೆರೆಯ ಪಕ್ಕ ಒಣಗಿದ ಮಡಿ ಇದ್ದರೆ ಆ ‘ಮಾತ್ರ’ ಎಷ್ಟು ದಿನ ನಿಂತೀತು?

ಇಂಥ ನೀರಿನಲ್ಲಿ ಸೊಪ್ಪು ಬೆಳೆಯಬೇಡಿ, ಮೇವು, ಹೂವು, ಹಿಪ್ಪುನೇರಳೆ, ಮರ ಬೆಳೆಯಿರಿ ಎಂಬುದು ವಿಜ್ಞಾನಿಗಳ ಸಾಮಾನ್ಯ ಸಲಹೆ. ಮೇವಿನ ಮೂಲಕ ಹಾಲಿಗೆ ಹೋಗುವ ದಾರಿಯೊಂದು ಉಳಿಯುತ್ತದೆ ಎಂಬುದನ್ನು ಬಿಟ್ಟರೆ ಸಲಹೆ ಸರಿಯೇ. ಆದರೆ ಹೂವಿಗೆ ಸೊಪ್ಪಿನಷ್ಟು ಬೇಗ ಕಾಸು ಬರುವುದಿಲ್ಲ, ಕಾಲೆಕರೆಯವನು ಮರ ನೆಟ್ಟು ಕಾಯಲಾರ. ಬೆಳೆ ಬದಲಿಸು ಎನ್ನುವ ಸರ್ಕಾರ ಆ ನಷ್ಟಕ್ಕೂ ಹೆಗಲು ಕೊಡಬೇಕು.

ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಸಂಶೋಧನಾ ಕೇಂದ್ರವಿದೆ, ತೋಟಗಾರಿಕೆ ಕಾಲೇಜೂ ಇದೆ. ಮಂಡ್ಯದ ಮಡಿ, ಬೆಂಗಳೂರಿನ ಮಡಿಗಳಲ್ಲಿ ಕಂಡದ್ದನ್ನು ಈ ಸೀಮೆಯ ಮಸಾರಿಯಲ್ಲೂ ಎರೆಯಲ್ಲೂ, ಈ ಮಳೆಯಲ್ಲೇ ಹಾಕಿ ನೋಡಬಲ್ಲವರು ಅಲ್ಲಿದ್ದಾರೆ. ದಂಟು, ಪಾಲಕ್, ಮೆಂತ್ಯ ಮೂರನ್ನು, ಒಂದು ಬೆಳೆಗಲ್ಲ, ಐದು ವರ್ಷ ಬೆಳೆದು, ಎತ್ತರದ ಜೊತೆ ಎಲೆಯೊಳಗಿನ ಲೋಹವನ್ನೂ ಹಸಿ ತೂಕಕ್ಕೆ ಅಳೆದು ಹೇಳಲಿ. ಊರಿನವರಿಗೂ ಒಂದು ಮಾತು. ಭದ್ರೆಯದಾಗಲಿ, ವೇದಾವತಿಯದಾಗಲಿ, ಯಾವುದೋ ಊರು ಬಳಸಿ ಬಿಟ್ಟದ್ದಾಗಲಿ, ಹೊರಗಿನ ನೀರು ಕೆರೆಗೆ ಬೀಳುವ ಮೊದಲು ಅಚ್ಚುಕಟ್ಟಿನ ನಾಲ್ಕಾರು ಹೊಲದ ಮಣ್ಣನ್ನೂ ಬಾವಿಗಳ ನೀರನ್ನೂ ಭಾರಲೋಹಕ್ಕೆ ಪರೀಕ್ಷೆ ಮಾಡಿಸಿ, ತಾರೀಖು ಹಾಕಿದ ಚೀಟಿಯನ್ನು ಪಂಚಾಯಿತಿಯಲ್ಲಿ ಜೋಪಾನವಾಗಿಡಿ. ಹದಿನೈದು ವರ್ಷದ ನಂತರ ಜಗಳ ಬಂದರೆ ಮೊದಲು ಏನಿತ್ತು ಎಂದು ತೋರಿಸಲು ನಿಮ್ಮ ಕೈಯಲ್ಲಿರುವುದು ಆ ಚೀಟಿ ಮಾತ್ರ.